ಮಗಳ ಊರು ನೋಡಿದ ದಿನ

ಮಕ್ಕಳು ಬೆಳೆದು ಪಟ್ಟಣ ಸೇರಿದ ಮೇಲೆ ತಂದೆತಾಯಿಗಳ ಪಾಲಿಗೆ ಯಾತ್ರೆಯ ದಿಕ್ಕೇ ಬದಲಾಗಿದೆ. ಹಿಂದೆ ತಿರುಪತಿ, ರಾಮೇಶ್ವರ ಎಂದು ಮುಡಿಪು ಕಟ್ಟಿಕೊಂಡು ಹೊರಡುತ್ತಿದ್ದವರು ಈಗ ಒಂದು ಕೈಯಲ್ಲಿ ಕೊಬ್ಬರಿ, ತುಪ್ಪ, ಸಾರಿನ ಪುಡಿಗಳ ಚೀಲವನ್ನೂ ಇನ್ನೊಂದು ಕೈಯಲ್ಲಿ ವಿಳಾಸದ ಚೀಟಿಯನ್ನೂ ಹಿಡಿದು ಬೆಂಗಳೂರಿನ ರೈಲು ಹತ್ತುತ್ತಾರೆ. ಚೀಲ ಅಡಿಗೆಮನೆ ಸೇರಿದ ಮಾರನೆಯ ದಿನವೇ ಮಕ್ಕಳು ಕೇಳುತ್ತಾರೆ: “ಊರು ನೋಡಿಕೊಂಡು ಬರೋಣವೆ?” ಎಷ್ಟೋ ವೇಳೆ ಆ ಪ್ರಶ್ನೆಯ ಬೆನ್ನಿಗೆ ಬಾಯಿಬಿಟ್ಟು ಕೇಳಲಾರದ ಇನ್ನೊಂದು ಪ್ರಶ್ನೆಯೂ ನಿಂತಿರುತ್ತದೆ: “ಇಲ್ಲಿಯೇ ಇದ್ದುಬಿಡುತ್ತೀರಾ?”

ತಿಪಟೂರು ಸೀಮೆಯ ಒಂದು ಹಳ್ಳಿಯ ವೃದ್ಧ ದಂಪತಿಗಳು 2018ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂದಾಗ ಈ ಎರಡನೆಯ ಪ್ರಶ್ನೆಯೂ ಅವರೊಡನೆಯೇ ರೈಲು ಹತ್ತಿ ಬಂದಿತ್ತು. ಅವರಿಗಿದ್ದವಳು ಒಬ್ಬಳೇ ಮಗಳು. ಒಂಬತ್ತು ವರ್ಷಗಳಿಂದ ನಗರದಲ್ಲಿ ಉದ್ಯೋಗದಲ್ಲಿದ್ದು, ಗಂಡನೊಡನೆ ದಾಸರಹಳ್ಳಿಯಲ್ಲಿ ಮನೆ ಮಾಡಿದ್ದಳು. ಊರಿನಲ್ಲಿದ್ದ ಮೂರೆಕರೆ ತೆಂಗಿನ ತೋಟದ ಕೊಳವೆಬಾವಿ ಬತ್ತಿ, ಮರಗಳ ಗರಿ ಜೋಲುಬಿದ್ದಿದ್ದವು. ತೋಟ ಕೊಳ್ಳುವವನೊಬ್ಬ ಎರಡು ಬಾರಿ ಬಂದುಹೋಗಿದ್ದನು. ತಾಯಿಯ ಮಂಡಿನೋವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. “ಮಾರಿಬಿಟ್ಟು ನಮ್ಮಲ್ಲಿಗೆ ಬನ್ನಿ” ಎಂದು ಮಗಳೂ ಅಳಿಯನೂ ಒಂದೇ ಸಮನೆ ಕರೆಯುತ್ತಿದ್ದರು.

ಕರೆಯುವವರಲ್ಲಿ ಕೊರತೆಯಿರಲಿಲ್ಲ, ತೊಡಕಿದ್ದುದು ತಂದೆಯ ಮನಸ್ಸಿನಲ್ಲಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಕೇಳುತ್ತ ಬೆಳೆದ ತಲೆಮಾರು ಅವರದು. ಮಗಳ ಮನೆಯಲ್ಲಿ ಮೂರು ದಿನ ಉಂಡವನು ನಾಲ್ಕನೆಯ ದಿನ ಅಲ್ಲಿ ಕಾಣಿಸಬಾರದೆಂಬುದು ಅವರ ತಂದೆ ಪಾಲಿಸಿದ್ದ ನಿಯಮ. ಶುಕ್ರವಾರ ಸಂಜೆ ಬಂದವರು ಸೋಮವಾರ ಬೆಳಿಗ್ಗೆ ಹೊರಡುವುದೆಂದು ರೈಲಿನಲ್ಲಿಯೇ ಲೆಕ್ಕ ಹಾಕಿದ್ದರು. ನಡುವೆ ಉಳಿದದ್ದು ಒಂದು ಭಾನುವಾರ. ಆ ಭಾನುವಾರವನ್ನು ಊರು ನೋಡಲು ಇಟ್ಟುಕೊಂಡರು.

ಮಾಳಿಗೆಯ ಮೇಲೂ ನೆಲದ ಕೆಳಗೂ

ಬೆಳಿಗ್ಗೆ ಎಂಟು ಕಳೆದ ಮೇಲೆ ಮೂವರೂ ದಾಸರಹಳ್ಳಿಯ ಮೆಟ್ರೋ ನಿಲ್ದಾಣಕ್ಕೆ ಬಂದರು. ಅಳಿಯನಿಗೆ ಅಂದು ಕೆಲಸವಿದ್ದುದರಿಂದ ಸಂಜೆ ವಿಧಾನಸೌಧದ ಬಳಿ ಕೂಡಿಕೊಳ್ಳುವುದೆಂದು ಮಾತಾಗಿತ್ತು. ಮೇಲೇರುವ ಯಂತ್ರದ ಮೆಟ್ಟಿಲುಗಳನ್ನು ಕಂಡು ತಾಯಿ ಎರಡು ಹೆಜ್ಜೆ ಹಿಂದೆ ಸರಿದರು. “ನಿಂತ ನೆಲವೇ ಓಡಿದರೆ ಕಾಲಿಡುವುದೆಲ್ಲಿ?” ಎಂದು ಕಲ್ಲಿನ ಮೆಟ್ಟಿಲುಗಳನ್ನೇ ಹಿಡಿದರು, ನೋಯುವ ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಏರಿದರು. ಮಗಳು ಹಣ ಕೊಟ್ಟು ನಾಣ್ಯದಂಥ ಮೂರು ಬಿಲ್ಲೆಗಳನ್ನು ತಂದಳು. ಗೇಟಿನ ಮೇಲೆ ಅದನ್ನು ಮುಟ್ಟಿಸಿದರೆ ದಾರಿ ಬಿಡುತ್ತದೆ, ಇಳಿದ ಕಡೆ ಅದನ್ನು ಸೀಳಿನಲ್ಲಿ ಹಾಕಿದರೆ ಹೊರಗೆ ಬಿಡುತ್ತದೆ ಎಂದು ವಿವರಿಸಿದಳು. ತಂದೆ ಆ ಬಿಲ್ಲೆಯನ್ನು ದಾರಿಯುದ್ದಕ್ಕೂ ಅಂಗೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

ನಾಗಸಂದ್ರದಿಂದ ಯಲಚೇನಹಳ್ಳಿಯವರೆಗೆ ಹಸಿರು ಮಾರ್ಗ ಪೂರ್ತಿಯಾಗಿ ತೆರೆದದ್ದು 2017ರ ಜೂನ್ ತಿಂಗಳಲ್ಲಿ. ಯಶವಂತಪುರ, ಮಲ್ಲೇಶ್ವರಗಳ ಮಾಳಿಗೆಗಳಿಗಿಂತ ಎತ್ತರದಲ್ಲಿ ಓಡುವ ಗಾಡಿ ಸಂಪಿಗೆ ರಸ್ತೆಯನ್ನು ದಾಟಿದೊಡನೆ ನೆಲದೊಳಗೆ ಇಳಿಯುತ್ತದೆ. ಹೊರಗೆ ಕತ್ತಲೆ ಕವಿದಾಗ ಮಗಳು, “ಇದು ಮೆಜೆಸ್ಟಿಕ್ಕು” ಎಂದಳು. ಅದು ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯ ಪ್ರದೇಶ. ಈಗ ಆ ಕೆರೆಯ ಅಂಗಳದಲ್ಲಿ ಬಸ್ಸುಗಳು ನಿಲ್ಲುತ್ತವೆ. ಅಲ್ಲಿಂದ ಮುಂದೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಮೊದಲು ಬೆಳಗಿದ್ದು ಆ ಎಡೆಯಲ್ಲಿಯೇ. ಕೆರೆ ಬತ್ತಿದ ಜಾಗವೆಂದು ಕೇಳಿದ ತಂದೆ ಕಿಟಕಿಯ ಕತ್ತಲೆಯನ್ನು ನೋಡುತ್ತ, “ನಮ್ಮ ಕೆರೆಯೂ ಬತ್ತಿದೆ. ಅದರ ಮೇಲೆ ಯಾವ ಊರೂ ಏಳಲಿಲ್ಲ” ಎಂದರು. ಮಗಳಿಗೆ ಅದಕ್ಕೆ ಉತ್ತರ ತೋಚಲಿಲ್ಲ.

ಬರಿದಾದ ಗಾಜಿನ ಮನೆ

ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡಬೇಕೆಂಬುದು ತಾಯಿಯ ಬಹುದಿನದ ಆಸೆ. ಮದುವೆಯಾದ ಹೊಸದರಲ್ಲಿ ಕ್ಯಾಲೆಂಡರಿನ ಚಿತ್ರವೊಂದರಲ್ಲಿ ಅದನ್ನು ಹೂವಿನ ರಾಶಿಯೊಡನೆ ಕಂಡಿದ್ದರು. 1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಸುಲ್ತಾನನು ಬೆಳೆಸಿದ ಈ ತೋಟ ಇಂದು ಸುಮಾರು 240 ಎಕರೆಗಳಷ್ಟಿದೆ. ಗಾಜಿನ ಮನೆಗೆ 1889ರ ನವೆಂಬರಿನಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲನ್ನಿಟ್ಟನು. ಲಂಡನ್ನಿನ ಸ್ಫಟಿಕ ಭವನವೇ ಅದಕ್ಕೆ ಮಾದರಿ.

ಆದರೆ ಡಿಸೆಂಬರಿನ ಆ ಬೆಳಿಗ್ಗೆ ಗಾಜಿನ ಮನೆಯೊಳಗೆ ಹೂವಿರಲಿಲ್ಲ. ಫಲಪುಷ್ಪ ಪ್ರದರ್ಶನ ನಡೆಯುವುದು ವರ್ಷಕ್ಕೆ ಎರಡೇ ಸಲ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ. ತಾಯಿ ಕಬ್ಬಿಣದ ಕಮಾನುಗಳ ಕೆಳಗಿನ ಖಾಲಿ ನೆಲವನ್ನು ಒಂದು ಗಳಿಗೆ ನೋಡಿ, “ಮದುವೆ ಮುಗಿದ ಚಪ್ಪರದ ಹಾಗಿದೆ” ಎಂದು ಸುಮ್ಮನಾದರು.

ಅವರ ಮುಖ ಮತ್ತೆ ಅರಳಿದ್ದು ಮರಗಳ ನಡುವೆ. ಬೇರುಗಳನ್ನು ಗೋಡೆಗಳಂತೆ ಹರಡಿಕೊಂಡು ನಿಂತ ಬಿಳಿ ಬೂರುಗದ ಮಹಾವೃಕ್ಷವನ್ನು ಮುಟ್ಟಿ ನೋಡಿದರು. ಫಲಕ ಓದದೆಯೇ ಹತ್ತಾರು ಗಿಡಗಳ ಹೆಸರು ಹೇಳಿದರು. ಒಂಬತ್ತು ವರ್ಷಗಳಿಂದ ಇದೇ ಊರಿನಲ್ಲಿದ್ದರೂ ಆ ತೋಟಕ್ಕೆ ಮಗಳು ಬಂದಿದ್ದುದು ಒಂದೇ ಬಾರಿ, ಅದೂ ಹೊರಗಿನಿಂದ ಬಂದ ಸಹೋದ್ಯೋಗಿಗಳಿಗೆ ತೋರಿಸಲು. ಈಗ ತೋರಿಸುವವರು ಯಾರು, ನೋಡುವವರು ಯಾರು ಎಂಬುದು ಅದಲುಬದಲಾಯಿತು. ತಾಯಿಯ ಹುಳಿಗೆ ವಾರಕ್ಕೊಮ್ಮೆ ಬೀಳುವ ಸೀಮೆಬದನೆಯನ್ನು ಈ ಸೀಮೆಯಲ್ಲಿ ಬಳಕೆಗೆ ತಂದವನು 1874ರಿಂದ ಇಲ್ಲಿ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರೂನ್ ಎಂದು ಮಗಳು ಮೊಬೈಲಿನಲ್ಲಿ ಓದಿ ಹೇಳಿದಾಗ, “ಹಾಗಾದರೆ ನಮ್ಮ ಹಿತ್ತಲಿಗೂ ಈ ತೋಟಕ್ಕೂ ನೆಂಟಸ್ತನ ಹಳೆಯದೇ” ಎಂದು ತಾಯಿ ನಕ್ಕರು.

ತಂದೆಗೆ ಹಿಡಿಸಿದ್ದು ಬಂಡೆ. ಲಾಲ್‌ಬಾಗಿನ ಹೆಬ್ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂವಿಜ್ಞಾನಿಗಳು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಎಣಿಸಿದ್ದಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಕೊಳವೆಬಾವಿ ಕೊರೆಸಿ ಸೋತ ರೈತನು ಆ ಬಂಡೆಯ ಮೇಲೆ ಕುಳಿತು ಅದನ್ನು ತಟ್ಟಿ ನೋಡಿದನೆಂದರೆ ಅದರ ಅರ್ಥ ಬೇರೆ. ಇದೇ ಜಾತಿಯ ಕಲ್ಲು ಅವರ ತೋಟದಲ್ಲಿಯೂ ಡ್ರಿಲ್ಲಿಗೆ ಅಡ್ಡ ಬಂದಿತ್ತು.

ಬಸವನ ಪಾದ, ಹೋಟೆಲಿನ ಲೆಕ್ಕ

ಅಲ್ಲಿಂದ ಆಟೋದಲ್ಲಿ ಬಸವನಗುಡಿ. ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ಬಸವಣ್ಣನ ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ. ಕಡಲೆಕಾಯಿ ಹೊಲ ಮೇಯುತ್ತಿದ್ದ ಗೂಳಿಯೊಂದು ಕಲ್ಲಾಗಿ ನಿಂತಿತೆಂಬುದು ಜನರ ನಂಬಿಕೆ; ಕಾರ್ತಿಕದ ಕಡೆಯ ಸೋಮವಾರ ಮೊದಲ ಬೆಳೆಯನ್ನು ರೈತರು ಅದಕ್ಕೆ ಒಪ್ಪಿಸುವ ಪರಿಷೆ ಇಂದಿಗೂ ನಡೆಯುತ್ತದೆ. ಆ ವರ್ಷದ ಪರಿಷೆ ಆಗತಾನೆ ಮುಗಿದಿತ್ತು. ವೃಷಭಾವತಿ ಹೊಳೆ ಹುಟ್ಟುವುದು ಈ ಬಸವನ ಪಾದದಲ್ಲಿ ಎಂಬ ನಂಬಿಕೆಯೂ ಉಂಟು. ಹುಟ್ಟಿದ ಹೊಳೆ ನಗರದ ಕೊಳಚೆಯನ್ನು ಹೊತ್ತು ಸಾಗುವುದನ್ನು ಕಂಡವರಿಗೆ ಆ ಪಾದದ ಮುಂದೆ ಕೈಮುಗಿಯುವಾಗ ನಾಚಿಕೆಯಾಗದಿರದು.

ಗಾಂಧಿ ಬಜಾರಿನಲ್ಲಿ 1943ರಿಂದ ನಡೆದುಬಂದ ವಿದ್ಯಾರ್ಥಿ ಭವನದ ಮುಂದೆ ಸಾಲು ಉದ್ದವಿತ್ತು. ತಾಯಿಗೆ ನಿಲ್ಲಲಾಗದೆಂದು ಮೂವರೂ ಬೇರೊಂದು ಹೋಟೆಲಿನಲ್ಲಿ ಊಟ ಮಾಡಿದರು. ತಂದೆ ಒಳಜೇಬಿನ ಗುಂಡಿ ಬಿಚ್ಚುವಷ್ಟರಲ್ಲಿ ಮಗಳು ಮೊಬೈಲನ್ನು ಮುಂದೆ ಹಿಡಿದು ಹಣ ಸಲ್ಲಿಸಿಯಾಗಿತ್ತು. ಬೆಳಗಿನಿಂದ ರೈಲು, ಆಟೋ, ಎಳನೀರು, ಊಟ ಎಲ್ಲಕ್ಕೂ ಹೀಗೆಯೇ. ತಂದೆ ಮಾತಾಡಲಿಲ್ಲ. ಮುಂದಿನ ಅರ್ಧ ಗಂಟೆಯೂ ಮಾತಾಡಲಿಲ್ಲ. “ಏನೂಂದ್ರೆ, ಬಿಸಿಲು ಹತ್ತಿತೆ?” ಎಂದು ತಾಯಿ ಕೇಳಿದರು. ಹತ್ತಿದ್ದು ಬಿಸಿಲಲ್ಲವೆಂದು ಅವರಿಗೂ ಗೊತ್ತಿತ್ತು. ಪಟ್ಟಣದ ಮಕ್ಕಳು ಪ್ರೀತಿಯಿಂದ ಮಾಡುವ ತಪ್ಪು ಇದು. ಜೀವಮಾನವೆಲ್ಲ ಕೊಟ್ಟ ಕೈಗೆ ಬರಿದೆ ತೆಗೆದುಕೊಳ್ಳುವುದು ಸುಲಭವಲ್ಲ.

ಕಾಳಿಯ ಕಲ್ಲು

ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮತ್ತೆ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾವಣೆ, ಕಬ್ಬನ್ ಪಾರ್ಕಿನಲ್ಲಿ ಇಳಿತ. 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯದ ಕೆಂಪು ಕಟ್ಟಡ ಸಮೀಪದಲ್ಲಿಯೇ ಇದೆ. ತಾಯಿಯ ಕಾಲಿಗೆ ವಿಶ್ರಾಂತಿಯಾಗಲೆಂದು ಒಳಗೆ ಹೊಕ್ಕರೇ ಹೊರತು ಮಗಳಿಗೂ ಅಲ್ಲಿ ಏನಿದೆಯೆಂಬ ಕಲ್ಪನೆಯಿರಲಿಲ್ಲ.

ಅಲ್ಲಿದೆ ಆತಕೂರಿನ ಕಲ್ಲು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ, ಸುಮಾರು 950ರ ಈ ಶಾಸನದ ಮೇಲೆ ಹಂದಿಯೊಡನೆ ಸೆಣಸುವ ನಾಯಿಯ ಚಿತ್ರ ಕಡೆದಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಹೋರಾಡಿದನು. ಬೂತುಗನ ವೀರ ಮಣಲೇರನ ಶೌರ್ಯಕ್ಕೆ ಮೆಚ್ಚಿ ಅರಸನು ಬೇಡಿದ್ದನ್ನು ಕೊಡುವೆನೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಂದರ ಮೇಲೆರಗಿತು. ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು.

ಕಥೆ ಕೇಳಿದ ತಂದೆ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. “ನಮ್ಮ ತೋಟದ ಬದುವಿನಲ್ಲಿಯೂ ಒಂದು ಕಲ್ಲಿದೆ. ಯಾರದೋ, ಯಾವ ಕಾಲದ್ದೋ” ಎಂದರು.

“ಗೊತ್ತಪ್ಪ. ಶಿವರಾತ್ರಿಗೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದವಳು ನಾನೇ ಅಲ್ಲವೆ?” ಎಂದಳು ಮಗಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ತೋಟ ಕೊಂಡವರು ಅದಕ್ಕೆ ಎಣ್ಣೆ ಹಚ್ಚುತ್ತಾರೆಯೆ?” ಎಂದು ಕೇಳಿದಳು. ಮಾರಿಬಿಡಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಬಾಯಿಯಿಂದ ಆ ಮಾತು ಬಂದದ್ದು ಅವಳಿಗೇ ಅಚ್ಚರಿಯಾಯಿತು.

ಕಾನೂನು ಮತ್ತು ವಾಡಿಕೆ

1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕು ಭಾನುವಾರ ವಾಹನಗಳಿಲ್ಲದೆ ಹಗುರಾಗಿತ್ತು. ಬಿದಿರಿನ ಮೆಳೆಗಳ ನೆರಳಿನಲ್ಲಿ ಕುಳಿತು, ಎದ್ದು, ಮೂವರೂ ಉಚ್ಚ ನ್ಯಾಯಾಲಯದ ಮುಂಭಾಗಕ್ಕೆ ಬಂದಾಗ ಬಿಸಿಲು ಬಾಗಿತ್ತು. 1868ರಲ್ಲಿ ಮುಗಿದ ಈ ಕಟ್ಟಡದಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳಿದ್ದುದರಿಂದ ಇದು ಅಠಾರಾ ಕಚೇರಿಯೆನಿಸಿತು.

ಹೆಣ್ಣುಮಕ್ಕಳ ವಿಷಯದಲ್ಲಿ ವಾಡಿಕೆ ನಿಂತಲ್ಲಿಯೇ ನಿಂತಿದ್ದರೂ ಕಾನೂನು ಬಹುದೂರ ನಡೆದಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿ ದೇಶಕ್ಕೆಲ್ಲ ಕೊಟ್ಟಿತು; ಕರ್ನಾಟಕ ಅದಕ್ಕೂ ಮೊದಲೇ, 1994ರಲ್ಲಿ, ಆ ದಾರಿ ಹಿಡಿದಿತ್ತು. ತಂದೆತಾಯಿಗಳ ಪೋಷಣೆಯನ್ನು ಕುರಿತ 2007ರ ಕಾಯಿದೆಯು ಮಕ್ಕಳು ಎಂಬ ಮಾತಿಗೆ ಅರ್ಥ ಹೇಳುವಾಗ ಮಗನ ಪಕ್ಕದಲ್ಲಿಯೇ ಮಗಳನ್ನೂ ಬರೆದಿದೆ. ಹಕ್ಕಿನಲ್ಲಿ ಸಮಪಾಲು, ಹೊಣೆಯಲ್ಲಿಯೂ ಸಮಪಾಲು. ಹಾಗಿರುವಾಗ ಮೂರು ದಿನದ ಲೆಕ್ಕ ಯಾವ ನ್ಯಾಯ? ಆ ಕೆಂಪು ಕಟ್ಟಡದ ಮುಂದೆ ಈ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಆದರೆ ಮಗಳ ತೋಳು ಹಿಡಿದು ರಸ್ತೆ ದಾಟಲು ತಂದೆ ಅಂದು ಮೊದಲ ಬಾರಿಗೆ ಒಪ್ಪಿದರು.

ದೀಪ ಹತ್ತಿದ ಮೇಲೆ

ಎದುರಿಗೇ ವಿಧಾನಸೌಧ. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅಡಿಗಲ್ಲಿಟ್ಟ ಈ ಭವನವು ಕೆಂಗಲ್ ಹನುಮಂತಯ್ಯನವರ ಛಲದಿಂದ 1956ರಲ್ಲಿ ಪೂರ್ಣವಾಯಿತು. ಸೆರೆಮನೆಯ ಕೈದಿಗಳೂ ಇಲ್ಲಿ ಕಲ್ಲು ಹೊತ್ತಿದ್ದಾರೆ. ಸರ್ಕಾರದ ಕೆಲಸ ದೇವರ ಕೆಲಸವೆಂಬ ಬರಹ ಮುಂಬಾಗಿಲ ಮೇಲಿದೆ. ತಂದೆ ಅದನ್ನು ಬೇಲಿಯಾಚೆಯಿಂದ ಓದಿ, ತಾಲ್ಲೂಕು ಕಚೇರಿಗೆ ಅಲೆದ ದಿನಗಳನ್ನು ನೆನೆದು ಮೀಸೆಯಲ್ಲಿಯೇ ನಕ್ಕರು.

ಅಷ್ಟರಲ್ಲಿ ಅಳಿಯ ಬಂದನು. ಭಾನುವಾರದ ಸಂಜೆಯಾದ್ದರಿಂದ ದೀಪಗಳೂ ಹತ್ತಿದವು. ಗೋಪುರದಿಂದ ಮೆಟ್ಟಿಲವರೆಗೆ ಕಲ್ಲೆಲ್ಲ ಬೆಳಕಾಯಿತು. ನಾಲ್ವರೂ ಜನರ ನಡುವೆ ನಿಂತು ನೋಡಿದರು. “ಮಾವ, ನಾಳೆಯೇ ಹೊರಡಬೇಕೆ?” ಎಂದು ಅಳಿಯ ಕೇಳಿದಾಗ ಉತ್ತರ ಬಂದದ್ದು ಅತ್ತೆಯ ಕಡೆಯಿಂದ: “ಗಾಜಿನ ಮನೆಯಲ್ಲಿ ಹೂವು ತುಂಬುವುದು ಜನವರಿಯಲ್ಲಂತೆ. ಅದನ್ನು ನೋಡದೆ ನಾನು ಹೊರಡುವುದಿಲ್ಲ. ಮಂಡಿಯನ್ನೂ ಡಾಕ್ಟರಿಗೆ ತೋರಿಸಬೇಕು.”

ತಂದೆ ಹೆಂಡತಿಯ ಮುಖವನ್ನೊಮ್ಮೆ, ಬೆಳಗುವ ಕಟ್ಟಡವನ್ನೊಮ್ಮೆ ನೋಡಿದರು. “ಆಗಲಿ. ತೋಟವನ್ನು ಅಣ್ಣನ ಮಗ ಅಲ್ಲಿಯವರೆಗೆ ನೋಡಿಕೊಳ್ಳುತ್ತಾನೆ. ಶಿವರಾತ್ರಿಗೆ ನೀವಿಬ್ಬರೂ ಊರಿಗೆ ಬರಬೇಕು. ಮಾರುವ ಮಾತು, ಮಾರದ ಮಾತು, ಎರಡನ್ನೂ ಆ ಕಲ್ಲಿಗೆ ಎಣ್ಣೆ ಹಚ್ಚಿ ಅಲ್ಲಿಯೇ ಆಡೋಣ” ಎಂದರು.

ನಿಲ್ದಾಣಕ್ಕೆ ಇಳಿದಾಗ ಮಗಳು ಅಭ್ಯಾಸದಂತೆ ಕೈಚೀಲಕ್ಕೆ ಕೈಹಾಕಿದಳು. ಮರುಕ್ಷಣ ಏನೋ ಹೊಳೆದು ತಡೆದಳು. ತಂದೆ ಒಳಜೇಬಿನ ಗುಂಡಿಯನ್ನು ಬಿಚ್ಚಿ, ಸಾಲಿನಲ್ಲಿ ನಿಂತು, ಕಿಂಡಿಯ ಮುಂದೆ ಸ್ಪಷ್ಟವಾಗಿ, “ದಾಸರಹಳ್ಳಿ, ನಾಲ್ಕು” ಎಂದರು. ಬಿಲ್ಲೆಗಳನ್ನು ಎಣಿಸಿ ಒಬ್ಬೊಬ್ಬರ ಕೈಗೂ ತಾವೇ ಕೊಟ್ಟರು. ಗೇಟಿನಲ್ಲಿ ಬಿಲ್ಲೆಯನ್ನು ಹೇಗೆ ಮುಟ್ಟಿಸಬೇಕೆಂದು ಅಳಿಯನಿಗೂ ಒಮ್ಮೆ ಹೇಳಿದರು. ಅಳಿಯ ವಿನಯದಿಂದ ಕೇಳಿಕೊಂಡನು.

ದಾಸರಹಳ್ಳಿಯಲ್ಲಿ ಇಳಿಯುವಾಗ ತಾಯಿ ಮಗಳ ಕೈಹಿಡಿದು ಓಡುವ ಮೆಟ್ಟಿಲಿನ ಮೇಲೆ ಮೆಲ್ಲನೆ ಕಾಲಿಟ್ಟರು. ಮೆಟ್ಟಿಲು ಅವರನ್ನು ಜೋಪಾನವಾಗಿ ಕೆಳಗಿಳಿಸಿತು.