ಕಾಣುವುದಕ್ಕೂ ದೀಪ, ಕಾಣಿಸಿಕೊಳ್ಳುವುದಕ್ಕೂ ದೀಪ



ಆರೋಗ್ಯವೆಂದೊಡನೆ ಆಹಾರ, ನಿದ್ರೆ, ಔಷಧಗಳ ವಿಚಾರವೇ ಮೊದಲು ಬರುತ್ತದೆ. ಆದರೆ ಹಿತವಾದುದನ್ನೇ ಉಂಡು ನಿಯಮದಿಂದ ಬಾಳಿದ ದೇಹವೂ ರಸ್ತೆಯ ಮೇಲಿನ ಒಂದು ಕ್ಷಣದ ಅಜಾಗ್ರತೆಗೆ ಬಲಿಯಾಗಬಹುದು. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಕಣ್ಣಿಗೂ ಕಾರಿನ ದೀಪಕ್ಕೂ ಇರುವ ಸಂಬಂಧವನ್ನು ವಿಚಾರಿಸಲು ಬಯಸುತ್ತೇವೆ.

ಸಿರುಗುಪ್ಪ ತಾಲ್ಲೂಕಿನ ಹಿರಿಯ ರೈತರೊಬ್ಬರು ಕಣ್ಣುರಿಯೆಂದು ನಮ್ಮಲ್ಲಿಗೆ ಬಂದಿದ್ದರು. ಹಿಂದಿನ ವಾರ ಅವರು ಬಳ್ಳಾರಿಯಿಂದ ಸಂಜೆ ಊರಿಗೆ ಮರಳುವಾಗ, ತೆಕ್ಕಲಕೋಟೆಯ ಬಳಿ ಭತ್ತದ ಹುಲ್ಲು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರ್ ಕೊನೆಯ ಗಳಿಗೆಯಲ್ಲಿ ಕಾಣಿಸಿತಂತೆ. ಕಾರನ್ನು ಹೊಲಕ್ಕಿಳಿಸಿ ಬದುಕಿಕೊಂಡರು. "ದೀಪ ಹಾಕಿದ್ದಿರಾ?" ಎಂದು ಕೇಳಿದೆವು. "ಇನ್ನಾ ಬೆಳಕಿತ್ತಲ್ಲರೀ ಡಾಕ್ಟರೇ, ಕತ್ತಲಾದ ಮ್ಯಾಲೆ ಹಾಕಿದರಾತು ಅಂತಿದ್ದೆ" ಎಂದರು. ಪರೀಕ್ಷಿಸಿದಾಗ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿತ್ತು. ಅವರ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಒಂದು ಕಣ್ಣಿನ ಕುರಿತದ್ದು, ಇನ್ನೊಂದು ದೀಪದ ಕುರಿತದ್ದು.

ಮುಸ್ಸಂಜೆಯ ಕಣ್ಣು

ನಮ್ಮ ಕಣ್ಣಿನ ಒಳಪದರದಲ್ಲಿ ಎರಡು ಬಗೆಯ ಕೋಶಗಳಿವೆ. ಒಂದು ಬಗೆಯವು ಹಗಲಿನ ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ತೋರಿಸುತ್ತವೆ. ಇನ್ನೊಂದು ಬಗೆಯವು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಬೆಳಕಿನಿಂದ ಕತ್ತಲೆಗೆ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು 30 ನಿಮಿಷಗಳು ಬೇಕು. ಗೋಧೂಳಿ ಸಮಯದಲ್ಲಿ ಹಗಲಿನ ದೃಷ್ಟಿ ಕುಗ್ಗಿರುತ್ತದೆ, ಇರುಳಿನ ದೃಷ್ಟಿ ಇನ್ನೂ ಪೂರ್ತಿ ಎಚ್ಚತ್ತಿರುವುದಿಲ್ಲ. ಆಕಾಶದಲ್ಲಿ ಬೆಳಕಿರುವುದರಿಂದ ಎಲ್ಲವೂ ಕಾಣುತ್ತಿದೆಯೆಂದು ಮನಸ್ಸು ನಂಬುತ್ತದೆ. ಆದರೆ ರಸ್ತೆಯ ಮೇಲಿನ ಬೂದು ಬಣ್ಣದ ಕಾರು, ಎಮ್ಮೆ, ಕಪ್ಪು ಕಂಬಳಿ ಹೊದ್ದ ಕುರಿಗಾಹಿ, ಇವೆಲ್ಲ ನೆಲದ ಬಣ್ಣದಲ್ಲಿ ಕರಗಿರುತ್ತವೆ.

ವಯಸ್ಸಾದಂತೆ ಕಣ್ಣಿನ ಪಾಪೆ ಮೊದಲಿನಷ್ಟು ಹಿಗ್ಗುವುದಿಲ್ಲ. ಪೊರೆ ಬಂದಾಗ ಎದುರಿನ ದೀಪದ ಬೆಳಕು ಕಣ್ಣಿನೊಳಗೇ ಚದುರಿ ಕಣ್ಣು ಕೋರೈಸುತ್ತದೆ. ಸುಶ್ರುತಾಚಾರ್ಯರು ಹಗಲಿನಲ್ಲಿ ಕಂಡು ಇರುಳಿನಲ್ಲಿ ಕಾಣದ ರೋಗವನ್ನು ಕಫವಿದಗ್ಧದೃಷ್ಟಿ ಎಂದು ಪ್ರತ್ಯೇಕವಾಗಿಯೇ ಹೇಳಿದ್ದಾರೆ. ಜನರು ಇದನ್ನು ಇರುಳುಗಣ್ಣು ಎನ್ನುತ್ತಾರೆ. ನುಗ್ಗೆಸೊಪ್ಪು, ಗಜ್ಜರಿ, ಹಾಲು, ತುಪ್ಪಗಳಿಂದ ದೊರೆಯುವ ಎ ಜೀವಸತ್ವವು ಇರುಳಿನ ದೃಷ್ಟಿಗೆ ಅವಶ್ಯಕ. ಆದರೆ ಬೆಳೆದ ಪೊರೆಯನ್ನು ತ್ರಿಫಲೆಯಾಗಲಿ ಕಣ್ಣಿಗೆ ಬಿಡುವ ಹನಿಯಾಗಲಿ ಕರಗಿಸದೆಂಬುದನ್ನು ಆಯುರ್ವೇದ ವೈದ್ಯರಾದ ನಾವೇ ಸ್ಪಷ್ಟವಾಗಿ ಹೇಳಬೇಕು. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮಾರ್ಗ. ಆ ರೈತರನ್ನು ನಾವು ನೇತ್ರತಜ್ಞರಲ್ಲಿಗೆ ಕಳುಹಿಸಿದೆವು. ಚಿಕಿತ್ಸೆ ಮುಗಿದು ತಜ್ಞರು ಒಪ್ಪುವವರೆಗೆ ಸೂರ್ಯಾಸ್ತದ ನಂತರ ಕಾರು ಓಡಿಸಬಾರದೆಂದು ತಿಳಿಸಿದೆವು.

ದೀಪ ಯಾರಿಗಾಗಿ?

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ನಮಗೆ ದಾರಿ ಕಾಣುತ್ತಿದ್ದರೆ ದೀಪ ಬೇಡವೆಂದು ಬಹುಮಂದಿ ಭಾವಿಸಿದ್ದಾರೆ. ದೀಪವು ನಾವು ಕಾಣುವುದಕ್ಕೆ ಮಾತ್ರವಲ್ಲ, ನಾವು ಪರರಿಗೆ ಕಾಣಿಸಿಕೊಳ್ಳುವುದಕ್ಕೂ ಇದೆ. ಸಂಜೆ ಬಳ್ಳಾರಿಯಿಂದ ಹೊಸಪೇಟೆಯತ್ತ ಹೋಗುವವರಿಗೆ ಇಳಿಬಿಸಿಲು ಕಣ್ಣಿಗೆ ನೇರವಾಗಿ ಬಡಿಯುತ್ತದೆ. ಅತ್ತಲಿಂದ ಬರುವವರಿಗೆ ಸೂರ್ಯನು ಬೆನ್ನಿಗಿರುವುದರಿಂದ ದಾರಿ ನಿಚ್ಚಳವಾಗಿರುತ್ತದೆ. ಹೀಗೆ ಚೆನ್ನಾಗಿ ಕಾಣುತ್ತಿರುವವರೇ ಎದುರಿನವರಿಗೆ ಕಾಣದೆ ಹೋಗುತ್ತಾರೆ. ದೀಪ ಹಾಕಬೇಕಾದವರು ಮೊದಲಿಗೆ ಅವರೇ.

ಸ್ವೀಡನ್ ದೇಶವು 1977ರಲ್ಲಿಯೇ ಹಗಲಿನಲ್ಲೂ ವಾಹನಗಳ ದೀಪ ಉರಿಸುವುದನ್ನು ಕಡ್ಡಾಯಗೊಳಿಸಿತು. ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪವು ಎಂಜಿನ್ ಜೊತೆಗೇ ಉರಿಯುವಂತೆ ಮಾಡಲಾಗಿದೆ. ಬ್ಯಾಟರಿ ಹಾಳಾಗುವುದೆಂಬ ಅಂಜಿಕೆ ಬೇಡ. ಎಂಜಿನ್ ಓಡುತ್ತಿರುವಾಗ ದೀಪಕ್ಕೆ ಬೇಕಾದ ವಿದ್ಯುತ್ತನ್ನು ಅದೇ ಉತ್ಪಾದಿಸುತ್ತದೆ.

ಯಾವಾಗ, ಯಾವ ದೀಪ?

ಹಗಲಿನಲ್ಲಿ: ಈಗಿನ ಕೆಲವು ಕಾರುಗಳ ಮುಂಭಾಗದಲ್ಲಿ ಹಗಲುದೀಪಗಳು ತಾವೇ ಉರಿಯುತ್ತವೆ. ಅನೇಕ ಕಾರುಗಳಲ್ಲಿ ಇವು ಉರಿದಾಗ ಹಿಂಬದಿಯ ಕೆಂಪು ದೀಪ ಉರಿಯುವುದಿಲ್ಲ. ಮಳೆ, ದೂಳು, ಮಂಜುಗಳಲ್ಲಿ ಹಿಂದಿನಿಂದ ಬರುವವರಿಗೆ ನಾವು ಕಾಣುವುದಿಲ್ಲ. ಆಗ ಸ್ವಿಚ್ ತಿರುಗಿಸಿ ಮುಂದೀಪವನ್ನೇ ಹಾಕಬೇಕು.

ಮುಸ್ಸಂಜೆಯಲ್ಲಿ: ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರವೂ, ಬೆಳಕು ಸಾಲದ ಯಾವುದೇ ಹೊತ್ತಿನಲ್ಲಿಯೂ ದೀಪ ಉರಿಯಬೇಕೆಂಬುದು ಮೋಟಾರು ವಾಹನ ನಿಯಮ. ಆ ಅರ್ಧ ಗಂಟೆಯನ್ನು ಕಾಯದಿರಿ ಎಂಬುದು ನಮ್ಮ ಸಲಹೆ. ಸೂರ್ಯನು ಇಳಿಯುತ್ತಿದ್ದಂತೆಯೇ ಡಿಮ್ ಎಂದು ಕರೆಯುವ ಕೆಳಬೆಳಕನ್ನು ಹಾಕಿರಿ. ಪಾರ್ಕಿಂಗ್ ದೀಪವು ನಿಂತ ಗಾಡಿಗೆ, ಓಡುವ ಗಾಡಿಗಲ್ಲ.

ಮಂಜಿನಲ್ಲಿ: ಸಿರುಗುಪ್ಪದ ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಚಳಿಗಾಲದ ಮುಂಜಾನೆ ಮಂಜು ಕವಿಯುತ್ತದೆ. ಆಗ ಹೈಬೀಮ್ ಹಾಕಿದರೆ ಆ ಬೆಳಕು ನೀರಿನ ಕಣಗಳಿಗೆ ತಗುಲಿ ಮರಳಿ ನಮ್ಮ ಕಣ್ಣಿಗೇ ಬಂದು, ಮುಂದೆ ಬಿಳಿಯ ಪರದೆ ಕಟ್ಟಿದಂತಾಗುತ್ತದೆ. ಡಿಮ್ ಬೆಳಕನ್ನೇ ಬಳಸಬೇಕು. ತಗ್ಗಿನಲ್ಲಿ ಜೋಡಿಸಿದ ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ, ಮಂಜು ತಿಳಿಯಾದೊಡನೆ ಆರಿಸಬೇಕು. ಆಟೋ ಎಂಬ ಸ್ವಿಚ್‌ನ್ನು ನಂಬಬೇಡಿ. ಅದು ಬೆಳಕನ್ನು ಅಳೆಯುತ್ತದೆಯೇ ಹೊರತು ಮಂಜನ್ನಲ್ಲ. ಅದಿರು ಲಾರಿಗಳ ದೂಳಿಗೂ, ಮುಂಗಾರಿಗೆ ಮುನ್ನ ಏಳುವ ಬಿರುಗಾಳಿಗೂ ಇದೇ ನಿಯಮ.

ಕೆಲವರು ಮಳೆ ಮಂಜುಗಳಲ್ಲಿ ನಾಲ್ಕೂ ಇಂಡಿಕೇಟರ್‌ಗಳನ್ನು ಒಟ್ಟಿಗೆ ಮಿನುಗಿಸುತ್ತ ಸಾಗುತ್ತಾರೆ. ಹಾಗೆ ಮಾಡಿದರೆ ನಾವು ಯಾವ ಕಡೆ ತಿರುಗುತ್ತೇವೆಂಬುದು ಯಾರಿಗೂ ತಿಳಿಯದು, ಓಡುವ ಗಾಡಿಯೂ ನಿಂತಂತೆ ತೋರುತ್ತದೆ. ಅದನ್ನು ಕೆಟ್ಟು ನಿಂತಾಗ ಮಾತ್ರ ಬಳಸಬೇಕು.

ಇರುಳಿನಲ್ಲಿ: ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ಕಾರು ನಿಲ್ಲುವಷ್ಟರಲ್ಲಿ 60 ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಡಿಮ್ ಬೆಳಕಿನಲ್ಲಿ ಮಾಸಲು ಬಣ್ಣದ ವಸ್ತು ತೋರುವುದು ಸುಮಾರು 40-50 ಮೀಟರ್ ದೂರದಿಂದ. ಕಂಡ ಮೇಲೆ ನಿಲ್ಲಿಸಲಾಗದ ವೇಗವು ಕಣ್ಣು ಮುಚ್ಚಿ ಓಡಿಸಿದಂತೆಯೇ. ಬರಿದಾದ ರಸ್ತೆಯಲ್ಲಿ ಹೈಬೀಮ್ ಇರಲಿ. ಎದುರಿಗೆ ವಾಹನ ಬಂದಾಗಲೂ, ಮುಂದಿನ ವಾಹನದ ಹಿಂದೆ ಸಾಗುವಾಗಲೂ ಡಿಮ್ ಮಾಡಿರಿ. ಎದುರಿನವರು ಡಿಮ್ ಮಾಡದಿದ್ದರೆ ಸೇಡಿಗಾಗಿ ನಾವೂ ಹೈಬೀಮ್ ಹಾಕಬಾರದು. ವೇಗ ತಗ್ಗಿಸಿ, ರಸ್ತೆಯ ಎಡ ಅಂಚನ್ನು ನೋಡುತ್ತ ಸಾಗಬೇಕು.

ನಡೆದು ಬರುವವರಿಗೂ ಈ ಮರ್ಯಾದೆ ಸಲ್ಲಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಜಾತ್ರೆಯ ದಿನಗಳಲ್ಲಿ ಕಾಲ್ನಡಿಗೆಯಲ್ಲಿ ಬರುವ ಭಕ್ತರ ಕಣ್ಣಿಗೆ ಹೈಬೀಮ್ ಬಿದ್ದರೆ, ಅವರಿಗೆ ಕಾಲಡಿಯ ತಗ್ಗೂ ಕಾಣುವುದಿಲ್ಲ. ನಡೆಯುವವರು ಬಿಳಿಯ ಬಟ್ಟೆ ಉಟ್ಟು, ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಗುವುದು ಕ್ಷೇಮ.

ಮನೆಯಲ್ಲಿ ಮಾಡಬೇಕಾದುದು

ವಾರಕ್ಕೊಮ್ಮೆ ದೀಪದ ಗಾಜನ್ನೂ ಮುಂದಿನ ಗಾಜನ್ನೂ ಒಳಹೊರಗೆ ಒರೆಸಿರಿ. ನಮ್ಮ ಬಳ್ಳಾರಿಯ ದೂಳಿನಲ್ಲಿ ಇದು ಅಗತ್ಯ. ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಕೆಂಪು ದೀಪಗಳು ಉರಿಯುವುದನ್ನು ಖಚಿತಪಡಿಸಿಕೊಳ್ಳಿರಿ. ಟ್ರ್ಯಾಕ್ಟರ್ ಇರುವವರು ಟ್ರೇಲರಿನ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಹಚ್ಚಿ, ಹುಲ್ಲಿನ ಹೊರೆ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಐವತ್ತು ದಾಟಿದವರೂ ಸಕ್ಕರೆ ಕಾಯಿಲೆ ಇರುವವರೂ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷಿಸಿಕೊಳ್ಳಲಿ.

ಸಂಜೆ ಮನೆಯಲ್ಲಿ ದೀಪ ಹಚ್ಚಲು ಯಾರೂ ಪೂರ್ಣ ಕತ್ತಲಾಗುವವರೆಗೆ ಕಾಯುವುದಿಲ್ಲ. ರಸ್ತೆಯಲ್ಲಿಯೂ ಹಾಗೆಯೇ ಇರಲಿ. ನಾವು ಹಚ್ಚುವ ದೀಪವು ಗುರುತು ಪರಿಚಯವಿಲ್ಲದ ಯಾರದೋ ಮಕ್ಕಳನ್ನು ಸುರಕ್ಷಿತವಾಗಿ ಮನೆಗೆ ತಲುಪಿಸುತ್ತದೆ. ಇದೂ ಒಂದು ದಾಸೋಹವೇ ಎಂದು ನಾವು ತಿಳಿಯುತ್ತೇವೆ.