ನಿಮಗಿದು ಗೊತ್ತೇ? ಲೆಕ್ಕ ಒಂದೇ, ಉತ್ತರ ಬೇರೆ!

● ಎಕ್ಸೆಲ್‌ನಲ್ಲಿ =-2^2 ಎಂದು ಟೈಪ್ ಮಾಡಿ. ಉತ್ತರ 4. ಅದೇ ಲೆಕ್ಕವನ್ನು ಗಣಿತದ ತಂತ್ರಾಂಶ ಮ್ಯಾಟ್‌ಲ್ಯಾಬ್‌ಗೆ ಕೊಟ್ಟರೆ -4! ಎಕ್ಸೆಲ್ ಮೈನಸ್ಸನ್ನು 2ಕ್ಕೆ ಅಂಟಿಸಿಕೊಂಡೇ ವರ್ಗ ಮಾಡುತ್ತದೆ. ಮ್ಯಾಟ್‌ಲ್ಯಾಬ್ ವರ್ಗ ಮಾಡಿದ ಮೇಲೆ ಮೈನಸ್ ಹಾಕುತ್ತದೆ. ಗಣಿತದ ಮೇಷ್ಟ್ರು ಮಾರ್ಕ್ಸ್ ಕೊಡುವುದು ಮ್ಯಾಟ್‌ಲ್ಯಾಬ್‌ಗೇ.

● 100ರ ಲಾಗ್ ಎಷ್ಟು? ಎಕ್ಸೆಲ್‌ನ ಲಾಗ್ 2 ಎನ್ನುತ್ತದೆ, ಮ್ಯಾಟ್‌ಲ್ಯಾಬ್‌ನ ಲಾಗ್ 4.605. ಮೊದಲನೆಯದರ ಆಧಾರಸಂಖ್ಯೆ 10, ಎರಡನೆಯದರದ್ದು 2.718.

● 2.5ನ್ನು ಪೂರ್ಣಾಂಕ ಮಾಡಲು ಹೇಳಿದರೆ ಎಕ್ಸೆಲ್ 3 ಮಾಡುತ್ತದೆ, ಪೈಥಾನ್ ಭಾಷೆ 2! ಇದು ಎಡವಟ್ಟಲ್ಲ. ಸರಿಯಾಗಿ ಅರ್ಧಕ್ಕೆ ಬಂದು ನಿಂತ ಸಂಖ್ಯೆಯನ್ನು ಪೈಥಾನ್ ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. ಪ್ರತಿ ಸಲವೂ ಮೇಲಕ್ಕೇ ಏರಿಸುತ್ತ ಹೋದರೆ ಸಾವಿರಾರು ಬಾಬ್ತು ಕೂಡಿದಾಗ ಮೊತ್ತ ಉಬ್ಬಿಕೊಳ್ಳುತ್ತದಲ್ಲ, ಅದಕ್ಕೆ. 3.5 ಕೊಟ್ಟು ನೋಡಿ, ಇಬ್ಬರೂ 4 ಎಂದು ರಾಜಿಯಾಗುತ್ತಾರೆ.

● ಹಣಕಾಸಿನವರು ಎಡವುವ ಜಾಗ ಇಲ್ಲಿದೆ. ಇವತ್ತು 1,00,000 ರೂಪಾಯಿ ಹಾಕಿ, ವರ್ಷದ ಮೇಲೆ 1,21,000 ಬರುತ್ತದೆ ಎನ್ನಿ. ಶೇ 10ರ ದರದಲ್ಲಿ ನಿವ್ವಳ ಈಗಿನ ಮೌಲ್ಯ 10,000. ಆದರೆ ಎರಡೂ ಮೊತ್ತವನ್ನು ಎಕ್ಸೆಲ್‌ನ ಎನ್‌ಪಿವಿ ಸೂತ್ರಕ್ಕೆ ಒಟ್ಟಿಗೆ ಕೊಟ್ಟರೆ ಬರುವುದು 9,091! ಮೊದಲ ಮೊತ್ತವೂ ವರ್ಷದ ಕೊನೆಗೆ ಕೈಬಿಟ್ಟದ್ದು ಎಂದೇ ಆ ಸೂತ್ರದ ನಂಬಿಕೆ. ಇವತ್ತಿನ ದುಡ್ಡನ್ನು ಸೂತ್ರದ ಹೊರಗೆ ಕೂಡಿಸಿಕೊಳ್ಳಬೇಕು.

● 1900ರ ಫೆಬ್ರುವರಿ 29 ಎಂಬ ದಿನವೇ ಇರಲಿಲ್ಲ. ಎಕ್ಸೆಲ್ ಮಾತ್ರ ಇತ್ತು ಎನ್ನುತ್ತದೆ. ಹಳೆಯ ಸ್ಪ್ರೆಡ್‌ಶೀಟ್ ತಂತ್ರಾಂಶ ಲೋಟಸ್ 1-2-3ರಲ್ಲಿದ್ದ ತಪ್ಪನ್ನು, ಅದರ ಕಡತಗಳು ಇಲ್ಲಿಯೂ ಹೊಂದಲಿ ಎಂದು, ತಿಳಿದೂ ತಿಳಿದೂ ಉಳಿಸಿಕೊಂಡದ್ದು.

● 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕಿನ ಲಂಡನ್ ಕಚೇರಿಯ ವ್ಯವಹಾರ 600 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ತಂದಿತು. ಅಪಾಯ ಅಳೆಯುವ ಅವರ ಸ್ಪ್ರೆಡ್‌ಶೀಟಿನಲ್ಲಿ ಎರಡು ದರಗಳ ಸರಾಸರಿಯಿಂದ ಭಾಗಿಸುವ ಬದಲು ಅವುಗಳ ಮೊತ್ತದಿಂದ ಭಾಗಿಸಿದ್ದರು. ನಷ್ಟಕ್ಕೆ ಅದೊಂದೇ ಕಾರಣವಲ್ಲ, ನಿಜ. ಅಪಾಯವಂತೂ ಇದ್ದದ್ದಕ್ಕಿಂತ ಕಡಿಮೆ ಕಂಡಿತು.

● 2020ರಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ತಪ್ಪಿಸಿಕೊಂಡವು. ಹಳೆಯ ಎಕ್ಸೆಲ್ ಹಾಳೆಗೆ 65,536 ಸಾಲುಗಳೇ ಮಿತಿ, ಅದನ್ನು ಮೀರಿದ ಪ್ರಕರಣಗಳು ಹಾಳೆಯಲ್ಲಿ ಸೇರಲೇ ಇಲ್ಲ. ಇಂದಿನ ಹಾಳೆಯಲ್ಲಿ 10,48,576 ಸಾಲು.

● ಮ್ಯಾಟ್‌ಲ್ಯಾಬ್ ಹುಟ್ಟಿದ್ದು 1970ರ ದಶಕದ ಕೊನೆಗೆ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ. ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯುವ ಕಷ್ಟವಿಲ್ಲದೆ ಮ್ಯಾಟ್ರಿಕ್ಸ್ ಲೆಕ್ಕ ಮಾಡಲಿ ಎಂದು ಕ್ಲೀವ್ ಮೋಲರ್ ಮಾಡಿಕೊಟ್ಟದ್ದು. ಇವತ್ತು ಅದಕ್ಕೆ ದುಡ್ಡು ಕೊಡಬೇಕು. ಕೊಡಲಾಗದವರಿಗೆ ಪುಕ್ಕಟೆ ಆಕ್ಟೇವ್ ಇದೆ. ಹೆಸರು ಕೇಳಿ ಸಂಗೀತದ ಸ್ಥಾಯಿ ಎಂದುಕೊಳ್ಳಬೇಡಿ. ಅದು ಕೆಮಿಕಲ್ ಎಂಜಿನಿಯರಿಂಗ್ ಪ್ರೊಫೆಸರ್ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರು. ಸಿಕ್ಕಿದ ಕಾಗದದ ಮೇಲೆ ಚಕಚಕನೆ ಅಂದಾಜು ಲೆಕ್ಕ ಹಾಕುವುದರಲ್ಲಿ ಅವರು ಹೆಸರುವಾಸಿ!

● 2ರ ಸಾವಿರದ ಘಾತಕ್ಕೆ 302 ಅಂಕಿ. ಮ್ಯಾಥಮ್ಯಾಟಿಕಾ ತಂತ್ರಾಂಶ ಅಷ್ಟನ್ನೂ ಒಂದೂ ಬಿಡದೆ ಬರೆದುಕೊಡುತ್ತದೆ. ಎಕ್ಸೆಲ್‌ನ ನೆನಪು 15 ಅಂಕಿಗೇ ಮುಗಿಯಿತು. ನಿಮ್ಮ ಬ್ಯಾಂಕ್ ಕಾರ್ಡಿನ 16 ಅಂಕಿಗಳನ್ನು ಸಂಖ್ಯೆಯಾಗಿ ಟೈಪ್ ಮಾಡಿ ನೋಡಿ: ಕೊನೆಯದು ಏನೇ ಇರಲಿ, ಸೊನ್ನೆಯಾಗಿರುತ್ತದೆ.