ಕಿವಿಯ ವಿಜ್ಞಾನ ಓದೋಣ ಬನ್ನಿ

ಕಿವಿ ಹೇಗೆ ಕೇಳುತ್ತೆ ಅಂತ ಜೀವನಪೂರ್ತಿ ಓದಿ,
ಅದನ್ನೇ ಪಾಠ ಮಾಡೋ ಕೆಲಸ ಇದೆ, ಗೊತ್ತಾ?

ಒಂದು ಒಳಕಿವಿಯಲ್ಲಿ ಸದ್ದು ಹಿಡಿಯೋ ಸುಮಾರು 15,000 ರೋಮಕೋಶಗಳು.
ಜೋರು ಸದ್ದಿಗೆ,
ಗಾಳಿಮಳೆಗೆ ಮಲಗಿದ ಭತ್ತದ ಪೈರಿನ ಹಾಗೆ ನೆಲಕಚ್ಚುತ್ತವೆ.
ಸತ್ತರೆ, ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ.
ಹುಟ್ಟಿಸೋದು ಹೇಗೆ?
ಸಂಶೋಧನೆ ಇನ್ನೂ ನಡೀತಿದೆ.

ಓದೋಕೆ ದೂರ ಹೋಗಬೇಕಿಲ್ಲ.
ಮೈಸೂರಿನ ಮಾನಸಗಂಗೋತ್ರಿ,
ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.
1965ರಲ್ಲಿ ಶುರುವಾದದ್ದು.
ಪಿಯುಸಿ ಸೈನ್ಸ್ ಆದ್ಮೇಲೆ ಪದವಿ,
ಆಮೇಲೆ ಆಡಿಯಾಲಜಿ, ಅಂದ್ರೆ ಶ್ರವಣ ವಿಜ್ಞಾನದಲ್ಲಿ ಎಂಎಸ್ಸಿ, ಪಿಎಚ್‌ಡಿ.

ಆದರೆ ಬರೀ ಪುಸ್ತಕ ಸಾಲದು.
ಶ್ರವಣ ಪರೀಕ್ಷೆಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ಪುಟ್ಟ ಮಗು,
ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕುತ್ತೆ.
ಕೇಳಿಸದಿದ್ದಾಗ, ಕೈ ಹಾಗೇ ನಿಲ್ಲುತ್ತೆ.
ಒಳ್ಳೆ ಸಂಶೋಧಕರು ತಯಾರಾಗೋದು ಆ ಕೋಣೆಯಲ್ಲೇ.

ಪಿಯುಸಿ ಓದ್ತಿರೋ ತಮ್ಮ ತಂಗಿಯರಿಗೆ
ಈ ದಾರೀನೂ ಇದೆ ಅಂತ ಹೇಳಿ.